ರ‍್ಯಾಮ್ ಬೆಲೆ ಮೂರು ಪಟ್ಟು: ಮಲೆನಾಡಿನಲ್ಲಿ ಗೇಮಿಂಗ್ ಪಿಸಿ ಕಟ್ಟಿಸುವವರು ಈಗ ಏನು ನೋಡಬೇಕು?

ಒಳ್ಳೆಯ ಗೇಮಿಂಗ್ ಪಿಸಿ ಕಟ್ಟಿಸಬೇಕು ಅಂತ ದುಡ್ಡು ಕೂಡಿಡುತ್ತಿದ್ದ ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯ ಯುವಕರಿಗೆ ಈಗ ಲೆಕ್ಕವೇ ತಪ್ಪಿದೆ. 2025ರ ಮಧ್ಯದಲ್ಲಿ ಅಮೆರಿಕದ ಮಾರುಕಟ್ಟೆಯಲ್ಲಿ ಸುಮಾರು 100 ಡಾಲರ್‌ಗೆ ಸಿಗುತ್ತಿದ್ದ 32 ಜಿಬಿಯ, ಈಗಿನ ಪೀಳಿಗೆಯ ಡಿಡಿಆರ್5 ರ‍್ಯಾಮ್ ಜೋಡಿ, ವರ್ಷ ಮುಗಿಯುವಷ್ಟರಲ್ಲಿ 300 ಡಾಲರ್ ದಾಟಿತು. ನಮ್ಮ ಕಡೆಯೂ ಬೆಲೆ ಹಾಗೇ ಜಿಗಿಯಿತು. ಫೈಲು, ಆಟಗಳನ್ನು ಉಳಿಸಿಡುವ ಎಸ್‌ಎಸ್‌ಡಿಯ ಬೆಲೆಯೂ ಅದರ ಹಿಂದೆಯೇ ಏರಿತು. ಇದರ ನಡುವೆ 2025ರ ಡಿಸೆಂಬರ್ 3ರಂದು ಮೈಕ್ರಾನ್ ಕಂಪನಿ ತನ್ನ 'ಕ್ರೂಷಿಯಲ್' ಬ್ರ್ಯಾಂಡನ್ನೇ ನಿಲ್ಲಿಸುವುದಾಗಿ ಹೇಳಿತು. ಸುಮಾರು ಮೂರು ದಶಕದಿಂದ ಅಂಗಡಿಗಳಲ್ಲಿ ಸಿಗುತ್ತಿದ್ದ ರ‍್ಯಾಮ್ ಮತ್ತು ಎಸ್‌ಎಸ್‌ಡಿ ಅದು. 2026ರ ಜನವರಿಯಲ್ಲಿ ಅಮೆರಿಕದ ಸಿಇಎಸ್ ಎಲೆಕ್ಟ್ರಾನಿಕ್ಸ್ ಮೇಳ ನಡೆದಾಗ, ಆಟದ ಚಿತ್ರ ಬಿಡಿಸುವ ಹೊಸ ಗ್ರಾಫಿಕ್ಸ್ ಕಾರ್ಡ್ ಬರುತ್ತದೆ ಅಂತ ಕಾದವರಿಗೆ ನಿರಾಸೆ ಆಯಿತು. ಈ ಕಾರ್ಡ್‌ಗಳ ದೊಡ್ಡ ಕಂಪನಿ ಎನ್ವಿಡಿಯಾ ಅಲ್ಲಿ ಗೇಮಿಂಗ್‌ನ ಹೊಸ ಜಿಫೋರ್ಸ್ ಕಾರ್ಡ್ ಘೋಷಿಸಲೇ ಇಲ್ಲ.

ಹಾಗಾಗಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ. ಈಗಲೇ ಕೊಳ್ಳಬೇಕಾ, ಕಾಯಬೇಕಾ? ಇದಕ್ಕೆ ಉತ್ತರ ಸಿಗಬೇಕಾದರೆ ಬೆಲೆ ಏಕೆ ಏರಿತು ಅನ್ನುವುದು ಮೊದಲು ಗೊತ್ತಾಗಬೇಕು. ಆಮೇಲೆ, ಬೆಂಗಳೂರಿನವರಿಗೆ ಅಷ್ಟಾಗಿ ಕಾಡದ, ಮಲೆನಾಡಿನವರಿಗೆ ಮಾತ್ರ ಜಾಸ್ತಿ ಕಾಡುವ ಒಂದು ವಿಷಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು: ಮನೆಯ ಕರೆಂಟು.

ಮೂರು ಕಂಪನಿ, ಹೊಸ ಗಿರಾಕಿ

ರ‍್ಯಾಮ್‌ನೊಳಗಿನ ಚಿಪ್‌ಗೆ ಡಿರ‍್ಯಾಮ್ ಅನ್ನುತ್ತಾರೆ. ಜಗತ್ತಿನಲ್ಲಿ ತಯಾರಾಗುವ ಡಿರ‍್ಯಾಮ್ ಮೆಮೊರಿಯಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಮೂರೇ ಕಂಪನಿಗಳದ್ದು. ದಕ್ಷಿಣ ಕೊರಿಯಾದ ಸ್ಯಾಮ್ಸಂಗ್ ಮತ್ತು ಎಸ್‌ಕೆ ಹೈನಿಕ್ಸ್, ಅಮೆರಿಕದ ಮೈಕ್ರಾನ್. ಅಂಗಡಿಯಲ್ಲಿ ಸಿಗುವ ಬೇರೆ ಬೇರೆ ಹೆಸರಿನ ರ‍್ಯಾಮ್‌ಗಳ ಒಳಗೆ ಇರುವ ಚಿಪ್ ಹೆಚ್ಚಾಗಿ ಈ ಮೂವರದ್ದೇ. ಮೇಲಿನ ಸ್ಟಿಕ್ಕರ್, ಬಣ್ಣ, ಲೈಟು ಮಾತ್ರ ಬೇರೆ.

2022 ಮತ್ತು 2023ರಲ್ಲಿ ಈ ಕಂಪನಿಗಳಿಗೆ ದೊಡ್ಡ ಹೊಡೆತ ಬಿದ್ದಿತ್ತು. ಕೋವಿಡ್ ಕಾಲದ ಬೇಡಿಕೆ ಇಳಿದು ಮಾಲು ಗೋದಾಮಿನಲ್ಲೇ ಉಳಿಯಿತು. ಬೆಲೆ ಕುಸಿಯಿತು. ನಷ್ಟ ತಡೆಯಲು ಅವರು ಉತ್ಪಾದನೆ ಕಡಿಮೆ ಮಾಡಿದರು, ಹೊಸ ಹೂಡಿಕೆಗೂ ಕೈ ಬಿಗಿ ಹಿಡಿದರು. ಸರಿಯಾಗಿ ಅದೇ ಹೊತ್ತಿಗೆ ಎಐ ಡೇಟಾ ಸೆಂಟರ್‌ಗಳ ಅಲೆ ಎದ್ದಿತು. ಈ ಡೇಟಾ ಸೆಂಟರ್‌ಗಳಲ್ಲಿ ಕೂರುವ ಎಐ ಚಿಪ್‌ಗಳಿಗೆ ಎಚ್‌ಬಿಎಂ ಅನ್ನುವ ವಿಶೇಷ ಮೆಮೊರಿ ಬೇಕು. ಅದನ್ನು ಮಾಡುವವರೂ ಇದೇ ಮೂವರು.

ಎಚ್‌ಬಿಎಂ ಮಾಡಲು ಸಿಲಿಕಾನ್ ಬಿಲ್ಲೆ, ಅಂದರೆ ವೇಫರ್, ಬಹಳ ಖರ್ಚಾಗುತ್ತದೆ. ಅಷ್ಟೇ ಮೆಮೊರಿಯ ಡಿಡಿಆರ್5 ಮಾಡಲು ಬೇಕಾಗುವುದಕ್ಕಿಂತ ಸುಮಾರು ಮೂರು ಪಟ್ಟು ವೇಫರ್ ಎಚ್‌ಬಿಎಂಗೆ ಬೇಕು ಅಂತ ಮೈಕ್ರಾನ್ ತಾನೇ ಹೇಳಿಕೊಂಡಿದೆ. ಅಂದರೆ ಎಐ ಕಂಪನಿಗೆ ಒಂದು ಜಿಬಿ ಕೊಟ್ಟರೆ, ನಮ್ಮ ನಿಮ್ಮ ಕಂಪ್ಯೂಟರ್‌ಗೆ ಬರಬೇಕಾದ ಮೂರು ಜಿಬಿ ಕಡಿಮೆಯಾಯಿತು ಅಂತ ಲೆಕ್ಕ. 2025ರ ಅಕ್ಟೋಬರ್‌ನಲ್ಲಿ ಚಾಟ್‌ಜಿಪಿಟಿಯ ಓಪನ್‌ಎಐ ಸಂಸ್ಥೆ ಸ್ಯಾಮ್ಸಂಗ್ ಮತ್ತು ಹೈನಿಕ್ಸ್ ಜೊತೆ ಒಪ್ಪಂದದ ಮಾತು ಪ್ರಕಟಿಸಿದಾಗ, ತಿಂಗಳಿಗೆ 9 ಲಕ್ಷ ವೇಫರ್‌ವರೆಗೆ ಬೇಕಾಗಬಹುದು ಅನ್ನುವ ಗುರಿ ಹೊರಗೆ ಬಂತು. ಅದಾದ ಮೇಲೆ ಉಳಿದ ಗಿರಾಕಿಗಳೆಲ್ಲ ಸಿಕ್ಕಷ್ಟು ಮಾಲು ಹಿಡಿದಿಟ್ಟುಕೊಳ್ಳಲು ಓಡಿದರು. ಬೆಲೆ ಹಾರಿತು.

ನಮ್ಮ ಜಿಲ್ಲೆಯಲ್ಲಿ ಗದ್ದೆಗಳು ಅಡಿಕೆ ತೋಟವಾದದ್ದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಡಿಕೆಗೆ ಬೆಲೆ ಬಂದಾಗ ಭತ್ತದ ಗದ್ದೆಗೆ ಮಣ್ಣು ಏರಿಸಿ ಸಸಿ ಇಟ್ಟರು. ಭೂಮಿ ಅಷ್ಟೇ ಇತ್ತು, ಭತ್ತ ಕಡಿಮೆಯಾಯಿತು. ಒಮ್ಮೆ ತೋಟ ಮಾಡಿದ ಮೇಲೆ ಅಕ್ಕಿಗೆ ಬೆಲೆ ಬಂತು ಅಂತ ಯಾರೂ ಮರ ಕಡಿದು ನಾಟಿ ಮಾಡುವುದಿಲ್ಲ. ಹೊಸ ತೋಟ ಫಸಲಿಗೆ ಬರಲೂ ಐದಾರು ವರ್ಷ ಬೇಕು. ಚಿಪ್ ಕಾರ್ಖಾನೆಯ ಕಥೆಯೂ ಹಾಗೇ. ಹೊಸದು ಕಟ್ಟಿ, ಯಂತ್ರ ಕೂರಿಸಿ, ಮಾಲು ಹೊರಬರಲು ವರ್ಷಗಳು ಹಿಡಿಯುತ್ತವೆ. ಮೈಕ್ರಾನ್ ಅಮೆರಿಕದ ಐಡಾಹೊದಲ್ಲಿ ಕಟ್ಟುತ್ತಿರುವ ಕಾರ್ಖಾನೆಯಿಂದ ಮೊದಲ ವೇಫರ್ ನಿರೀಕ್ಷೆ ಇರುವುದೇ 2027ಕ್ಕೆ.

ಗುಜರಾತಿನ ಸಾನಂದ್‌ನಲ್ಲಿ ಮೈಕ್ರಾನ್ ಘಟಕ ಬಂತಲ್ಲ, ನಮಗೆ ಅಗ್ಗ ಆಗಬೇಕಲ್ವಾ ಅಂತ ಕೆಲವರು ಕೇಳುತ್ತಾರೆ. ಅಲ್ಲಿ ನಡೆಯುವುದು ಜೋಡಣೆ ಮತ್ತು ಪರೀಕ್ಷೆ. ವೇಫರ್ ಹೊರಗಿನಿಂದಲೇ ಬರಬೇಕು. ಕೊರತೆ ಇರುವುದು ವೇಫರ್‌ನಲ್ಲಿ. ಹಾಗಾಗಿ ಆ ಘಟಕದಿಂದ ಈ ಬೆಲೆ ಇಳಿಯುವುದಿಲ್ಲ.

ಗ್ರಾಫಿಕ್ಸ್ ಕಾರ್ಡ್‌ಗೆ ಬಿಸಿ ತಟ್ಟುವುದು ಹೇಗೆ?

ಗ್ರಾಫಿಕ್ಸ್ ಕಾರ್ಡ್ ಮೇಲೆ ಮುಖ್ಯ ಚಿಪ್ಪಿನ ಸುತ್ತ ಅದರದ್ದೇ ಮೆಮೊರಿ ಇರುತ್ತದೆ. ವಿರ‍್ಯಾಮ್ ಅನ್ನುವುದು ಇದನ್ನೇ. ಎನ್ವಿಡಿಯಾದ 50 ಸರಣಿಯ (5060, 5070, 5080, 5090) ಕಾರ್ಡ್‌ಗಳಲ್ಲಿ ಹೆಚ್ಚಾಗಿ ಜಿಡಿಡಿಆರ್7 ಮೆಮೊರಿ, ಅದರ ಪ್ರತಿಸ್ಪರ್ಧಿ ಎಎಂಡಿಯ ಆರ್‌ಎಕ್ಸ್ 9000 ಸರಣಿಯಲ್ಲಿ ಜಿಡಿಡಿಆರ್6. ಇವು ಕೂಡ ಅದೇ ಮೂರು ಕಂಪನಿಗಳ ಕಾರ್ಖಾನೆಯಿಂದಲೇ ಬರುತ್ತವೆ. ರ‍್ಯಾಮ್ ಬೆಲೆಯಷ್ಟು ಬೇಗ ಕಾರ್ಡ್ ಬೆಲೆ ಏರುವುದಿಲ್ಲ, ಏಕೆಂದರೆ ಕಾರ್ಡ್ ಕಂಪನಿಗಳು ಮುಂಚೆಯೇ ಮಾಲು ಖರೀದಿ ಮಾಡಿರುತ್ತವೆ. ಆ ದಾಸ್ತಾನು ಮುಗಿದಂತೆ ಹೊಸ ದರ ಕಾರ್ಡ್ ಮೇಲೂ ಬೀಳುತ್ತದೆ. ಜಾಸ್ತಿ ವಿರ‍್ಯಾಮ್ ಇರುವ ಕಾರ್ಡ್‌ಗೆ ಜಾಸ್ತಿ ಬೀಳುತ್ತದೆ.

ಇನ್ನೊಂದು ಕಾರಣ ರೂಪಾಯಿ. 50 ಸರಣಿ ಘೋಷಣೆಯಾದ 2025ರ ಜನವರಿಯಲ್ಲಿ ಡಾಲರ್‌ಗೆ ಸುಮಾರು 86 ರೂ. ಇತ್ತು. ಡಿಸೆಂಬರ್‌ನಲ್ಲಿ ಅದು 90 ರೂ. ದಾಟಿತು. ಕಾರ್ಡ್‌ಗಳು ಬರುವುದು ಡಾಲರ್ ಲೆಕ್ಕದಲ್ಲಿ. ಅದರ ಮೇಲೆ ಶೇ 18 ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರ ಜಿಎಸ್‌ಟಿ ಬದಲಾವಣೆಯಿಂದ ಎಸಿ, ದೊಡ್ಡ ಟಿವಿ ಅಗ್ಗವಾದವು. ಕಂಪ್ಯೂಟರ್ ಬಿಡಿಭಾಗಗಳು ಮುಂಚೆಯೂ ಶೇ 18ರಲ್ಲೇ ಇದ್ದವು, ಈಗಲೂ ಅಲ್ಲೇ ಇವೆ. ಗೇಮರ್‌ಗಳಿಗೆ ಅದರಿಂದ ದೊಡ್ಡ ಲಾಭವೇನೂ ಆಗಲಿಲ್ಲ.

ಕಾಯುವವರ ವಾದ, ಕೊಳ್ಳುವವರ ವಾದ

ಕಾಯಿರಿ ಅನ್ನುವವರು ಹಳೆಯ ಅನುಭವ ತೋರಿಸುತ್ತಾರೆ. 2021ರಲ್ಲಿ ಕ್ರಿಪ್ಟೊ ಗಣಿಗಾರಿಕೆಯಿಂದ, ಅಂದರೆ ಕಂಪ್ಯೂಟರ್ ಓಡಿಸಿ ಡಿಜಿಟಲ್ ನಾಣ್ಯ ಗಳಿಸುವ ಕೆಲಸದಿಂದ, ಕಾರ್ಡ್‌ಗಳ ಬೆಲೆ ದುಪ್ಪಟ್ಟಾಗಿತ್ತು. 2022ರ ಸೆಪ್ಟೆಂಬರ್‌ನಲ್ಲಿ ಎಥಿರಿಯಂ ಅನ್ನುವ ಕ್ರಿಪ್ಟೊ ನಾಣ್ಯ ತನ್ನ ವಿಧಾನ ಬದಲಿಸಿತು. ಗ್ರಾಫಿಕ್ಸ್ ಕಾರ್ಡ್‌ನಿಂದ ಅದರ ಗಣಿಗಾರಿಕೆ ಮಾಡುವುದೇ ನಿಂತುಹೋಯಿತು. ಬೆಲೆ ಇಳಿಯಿತು. ಮೆಮೊರಿ ಬೆಲೆಯೂ ಹಿಂದೆ ಹಲವು ಸಲ ಏರಿ ಇಳಿದಿದೆ. 2017ರಲ್ಲಿ ಏರಿದ್ದು 2019ರಲ್ಲಿ ಇಳಿಯಿತು. ಎಐ ಗುಳ್ಳೆ ಒಡೆದರೆ ಮತ್ತೆ ಹಾಗೇ ಆಗುತ್ತದೆ ಅನ್ನುವುದು ಇವರ ನಂಬಿಕೆ. 50 ಸರಣಿಯ 'ಸೂಪರ್' ಕಾರ್ಡ್‌ಗಳು ಜಾಸ್ತಿ ವಿರ‍್ಯಾಮ್ ಜೊತೆ ಬರುತ್ತವೆ ಅನ್ನುವ ಸುದ್ದಿಯೂ ಬಹಳ ದಿನ ಓಡಾಡಿತು.

ಈಗಲೇ ಕೊಳ್ಳಿ ಅನ್ನುವವರು ಹೇಳುವುದು ಬೇರೆ. ಕ್ರಿಪ್ಟೊ ಕಾಲದಲ್ಲಿ ಕೊರತೆ ಇದ್ದದ್ದು ಕಾರ್ಡ್‌ನದ್ದು. ಈಗ ಕಾರ್ಖಾನೆಯ ಸಾಮರ್ಥ್ಯವೇ ಬೇರೆ ಕಡೆ ತಿರುಗಿದೆ. ಆಗ ಗಣಿಗಾರರು ಕೊಂಡ ಕಾರ್ಡ್‌ಗಳು ಹಳೆ ಮಾಲಾಗಿ ನಮ್ಮ ಕೈಗೇ ವಾಪಸ್ ಬಂದವು. ಡೇಟಾ ಸೆಂಟರ್‌ನ ಎಚ್‌ಬಿಎಂ ಹಾಗೆ ಬರುವುದಿಲ್ಲ. ಅದನ್ನು ಎಐ ಚಿಪ್ ಜೊತೆಗೇ ಸೇರಿಸಿ ಕೂರಿಸಿರುತ್ತಾರೆ. ಬಿಚ್ಚಿ ನಮ್ಮ ಮದರ್‌ಬೋರ್ಡ್‌ಗೆ ಹಾಕಲು ಆಗುವುದಿಲ್ಲ.

ಎರಡನೇ ವಾದ ಜಾಸ್ತಿ ಗಟ್ಟಿಯಾಗಿದೆ ಅಂತ ಅನಿಸುತ್ತದೆ. ಬೆಲೆ ಒಂದಲ್ಲ ಒಂದು ದಿನ ಇಳಿಯಬಹುದು. ಆದರೆ ಅದಕ್ಕೆ ಹೊಸ ಕಾರ್ಖಾನೆ ಬರಬೇಕು, ಇಲ್ಲವೇ ಎಐ ಹೂಡಿಕೆ ದೊಡ್ಡದಾಗಿ ಕುಸಿಯಬೇಕು. ಮೊದಲನೆಯದಕ್ಕೆ ವರ್ಷಗಳು ಬೇಕು, ಎರಡನೆಯದು ಯಾವಾಗ ಅಂತ ಯಾರೂ ಹೇಳಲಾರರು. ಸೂಪರ್ ಕಾರ್ಡ್‌ಗೆ ಕಾಯುವುದರಲ್ಲೂ ಅದೇ ತೊಡಕು. ಜಾಸ್ತಿ ಮೆಮೊರಿ ಬೇಡುವ ಕಾರ್ಡು, ಮೆಮೊರಿ ಕೊರತೆ ಇರುವ ಕಾಲದಲ್ಲಿ ಬಂದರೂ ಅಗ್ಗವಾಗಿ ಬರುವುದು ಕಷ್ಟ. ಹಳೆಯ ಪಿಸಿ ಚೆನ್ನಾಗಿ ಓಡುತ್ತಿರುವವರು ಧಾರಾಳವಾಗಿ ಕಾಯಲಿ. ಏನೂ ಇಲ್ಲದವರು, ಇಲ್ಲವೇ ಓದಿಗೆ, ಎಡಿಟಿಂಗ್ ಕೆಲಸಕ್ಕೆ ಬೇಕಾದವರು ಸುಮ್ನೆ ಕಾದು ಕೂರುವುದರಲ್ಲಿ ಲಾಭ ಕಾಣುವುದಿಲ್ಲ. ಆದರೆ ಏನು ಕೊಳ್ಳಬೇಕು ಅನ್ನುವ ಲೆಕ್ಕ ಹಿಂದಿನಂತೆ ಇರಬಾರದು.

ಹೆಸರು ಒಂದೇ, ಕಾರ್ಡು ಎರಡು

ಮೆಮೊರಿ ದುಬಾರಿ ಆದಾಗ ಕಂಪನಿಗಳು ಕೈ ಹಾಕುವುದು ವಿರ‍್ಯಾಮ್‌ಗೆ. ಆದ್ದರಿಂದ ಈಗ ಮೊದಲು ನೋಡಬೇಕಾದದ್ದು ಅದನ್ನೇ.

ಆರ್‌ಟಿಎಕ್ಸ್ 5060 ಟಿಐ ಅನ್ನುವ ಒಂದೇ ಹೆಸರಿನಲ್ಲಿ 8 ಜಿಬಿ ಮತ್ತು 16 ಜಿಬಿ ಎರಡು ಕಾರ್ಡ್‌ಗಳಿವೆ. ಬಿಡುಗಡೆಯಾದಾಗ ಬೆಲೆ 379 ಮತ್ತು 429 ಡಾಲರ್. ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ ಕೂಡ ಹಾಗೇ, 299 ಮತ್ತು 349 ಡಾಲರ್. 50 ಡಾಲರ್ ವ್ಯತ್ಯಾಸ ನೋಡಿ 8 ಜಿಬಿಯದ್ದೇ ಸಾಕು ಅನಿಸುವುದು ಸಹಜ. ಆದರೆ ಇಂದಿನ ದೊಡ್ಡ ಆಟಗಳಲ್ಲಿ ಟೆಕ್ಸ್‌ಚರ್ (ವಸ್ತುಗಳ ಮೇಲ್ಮೈ ಚಿತ್ರ) ಗುಣಮಟ್ಟ ಏರಿಸಿದರೆ 8 ಜಿಬಿ ತುಂಬಿಹೋಗುತ್ತದೆ. ತುಂಬಿದ ಮೇಲೆ ಉಳಿದದ್ದನ್ನು ಕಾರ್ಡು ಕಂಪ್ಯೂಟರ್‌ನ ರ‍್ಯಾಮ್‌ನಿಂದ ತರಿಸಿಕೊಳ್ಳಬೇಕು. ಆ ದಾರಿ ಬಹಳ ನಿಧಾನ. ಆಟ ತಡವರಿಸುತ್ತದೆ. ಸರಾಸರಿ ಫ್ರೇಮ್ ಲೆಕ್ಕ (ಸೆಕೆಂಡಿಗೆ ಎಷ್ಟು ಚಿತ್ರ) ಚೆನ್ನಾಗಿ ಕಂಡರೂ ಆಡುವಾಗ ಕಿರಿಕಿರಿ.

ಹಳೆಯ ಮದರ್‌ಬೋರ್ಡ್ ಇಟ್ಟುಕೊಂಡು ಕಾರ್ಡ್ ಮಾತ್ರ ಬದಲಿಸುವವರಿಗೆ ಇದು ಇನ್ನೂ ಕೆಟ್ಟದು. 5060 ಟಿಐ ಮದರ್‌ಬೋರ್ಡ್ ಜೊತೆ ಮಾತಾಡುವುದು 16ರ ಬದಲು 8 ಲೇನ್‌ಗಳಲ್ಲಿ, ಅಂದರೆ ಮಾಹಿತಿ ಸಾಗುವ ಸಾಲುಗಳಲ್ಲಿ. ಪಿಸಿಐಇ 5 (ಈ ಸಂಪರ್ಕದ ಹೊಸ ಪೀಳಿಗೆ) ಇರುವ ಹೊಸ ಬೋರ್ಡ್‌ನಲ್ಲಿ ಅದು ತೊಂದರೆಯಲ್ಲ. ಪಿಸಿಐಇ 3 ಇರುವ ಹಳೆಯ ಬೋರ್ಡ್‌ನಲ್ಲಿ ಅದೇ ದಾರಿಯ ವೇಗ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. 8 ಜಿಬಿ ತುಂಬಿದ ಕಾರ್ಡು ಆ ಸಣ್ಣ ದಾರಿಯಲ್ಲಿ ಪರದಾಡುತ್ತದೆ.

ಇಷ್ಟೇ ಮುಖ್ಯ ಮಾನಿಟರ್. 1080ಪಿ ಪರದೆಯಲ್ಲಿ ಸುಮಾರು 20.7 ಲಕ್ಷ ಚುಕ್ಕಿಗಳಿವೆ, 1440ಪಿಯಲ್ಲಿ 36.9 ಲಕ್ಷ, 4ಕೆಯಲ್ಲಿ 82.9 ಲಕ್ಷ. ಪ್ರತಿ ಫ್ರೇಮ್‌ಗೂ ಇಷ್ಟೂ ಚುಕ್ಕಿಗಳನ್ನು ಕಾರ್ಡು ಬಿಡಿಸಬೇಕು. 1080ಪಿ ಮಾನಿಟರ್ ಇಟ್ಟುಕೊಂಡು 5080 ಕೊಳ್ಳುವುದು ದುಡ್ಡು ಪೋಲು. 4ಕೆ ಟಿವಿಗೆ 12 ಜಿಬಿ ಕಾರ್ಡ್ ಹಾಕಿದರೆ ವರ್ಷ ಕಳೆದಂತೆ ಕಷ್ಟ. 1440ಪಿ ಮಾನಿಟರ್, 16 ಜಿಬಿ ಕಾರ್ಡ್. ಈ ಜೋಡಿ ಈಗ ಹೆಚ್ಚಿನವರಿಗೆ ಸರಿಹೊಂದುತ್ತದೆ.

'5070ರಲ್ಲಿ 4090ರ ಶಕ್ತಿ' ಅಂದದ್ದು ನಿಜವೇ?

2025ರ ಜನವರಿಯಲ್ಲಿ ಎನ್ವಿಡಿಯಾ ಮುಖ್ಯಸ್ಥ ಜೆನ್ಸೆನ್ ಹುವಾಂಗ್ ವೇದಿಕೆಯ ಮೇಲೆ 549 ಡಾಲರ್‌ನ 5070 ಕಾರ್ಡು ಹಿಂದಿನ ಪೀಳಿಗೆಯ ಅತಿ ದೊಡ್ಡ ಕಾರ್ಡ್ 4090ಕ್ಕೆ ಸಮ ಅಂದರು. ಇಂದಿಗೂ ಆ ಮಾತನ್ನು ನಂಬಿ ಅಂಗಡಿಗೆ ಬರುವವರಿದ್ದಾರೆ. ಆ ಲೆಕ್ಕದಲ್ಲಿ ಎಐ ಸೃಷ್ಟಿಸಿದ ಫ್ರೇಮ್‌ಗಳೂ ಸೇರಿದ್ದವು. ಕಾರ್ಡು ಒಂದು ಫ್ರೇಮ್ ನಿಜವಾಗಿ ಬಿಡಿಸಿ, ನಡುವೆ ಮೂರು ಫ್ರೇಮ್‌ಗಳನ್ನು ಊಹಿಸಿ ತುಂಬುತ್ತದೆ. ಪರದೆ ನುಣುಪಾಗಿ ಕಾಣುತ್ತದೆ ನಿಜ. ಆದರೆ ನೀವು ಮೌಸ್ ಒತ್ತಿದ್ದಕ್ಕೆ ಆಟ ಸ್ಪಂದಿಸುವುದು ನಿಜವಾದ ಫ್ರೇಮ್‌ನಲ್ಲಿ ಮಾತ್ರ. ಮೂಲದಲ್ಲೇ 60 ಫ್ರೇಮ್ ಬರುತ್ತಿದ್ದರೆ ಇದು ಒಳ್ಳೆಯ ಸೌಲಭ್ಯ. ಮೂಲದಲ್ಲಿ 25 ಬರುತ್ತಿದ್ದರೆ ಕಣ್ಣಿಗೆ ಮಾತ್ರ ನುಣುಪು, ಕೈಗೆ ಭಾರ. ಇನ್ನು 4090ರಲ್ಲಿ 24 ಜಿಬಿ ಮೆಮೊರಿ ಇದೆ, 5070ರಲ್ಲಿ 12. ಅದನ್ನು ಯಾವ ಎಐ ಕೂಡ ತುಂಬಿಕೊಡುವುದಿಲ್ಲ.

ಕೆಲಸಕ್ಕೆ ತಕ್ಕ ಕಂಪನಿ

ಬರೀ ಆಟಕ್ಕಾದರೆ ಎಎಂಡಿಯ ಆರ್‌ಎಕ್ಸ್ 9070 ಎಕ್ಸ್‌ಟಿ ಗಂಭೀರವಾಗಿ ನೋಡಬೇಕಾದ ಕಾರ್ಡು. 16 ಜಿಬಿ ಮೆಮೊರಿ, 2025ರ ಮಾರ್ಚ್‌ನಲ್ಲಿ 599 ಡಾಲರ್‌ಗೆ ಬಂತು. ಸಾಮಾನ್ಯ ಆಟಗಳಲ್ಲಿ 749 ಡಾಲರ್‌ಗೆ ಬಂದ 5070 ಟಿಐ ಹತ್ತಿರ ಹತ್ತಿರ ನಿಲ್ಲುತ್ತದೆ. ರೇ ಟ್ರೇಸಿಂಗ್ (ಬೆಳಕನ್ನು ನಿಜದಂತೆ ತೋರಿಸುವ ವಿಧಾನ) ಜಾಸ್ತಿ ಇರುವ ಆಟಗಳಲ್ಲಿ ಹಿಂದೆ ಬೀಳುತ್ತದೆ. ನಮ್ಮ ಪೇಟೆಯಲ್ಲಿ ಎರಡರ ನಡುವಿನ ಅಂತರ ನೋಡಿ ತೀರ್ಮಾನಿಸಬೇಕು. ಅಂತರ ತೀರಾ ಕಡಿಮೆ ಇದ್ದರೆ ಎನ್ವಿಡಿಯಾ ಕಡೆ ಹೋಗುವುದರಲ್ಲಿ ತಪ್ಪಿಲ್ಲ.

ಆಟದ ಜೊತೆ ಬೇರೆ ಕೆಲಸವೂ ಇದ್ದರೆ ಮಾತು ಬೇರೆ. ಶಿವಮೊಗ್ಗದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದುತ್ತಾ ಎಐ ಪ್ರಾಜೆಕ್ಟ್ ಮಾಡುವವರಿಗೆ ಬೇಕಾದ ಸಾಫ್ಟ್‌ವೇರ್ ಹೆಚ್ಚಾಗಿ ಎನ್ವಿಡಿಯಾದ ಕ್ಯುಡಾ ಅನ್ನುವ ತಂತ್ರಾಂಶ ವೇದಿಕೆಯ ಮೇಲೆ ನಿಂತಿದೆ. ಮದುವೆ ವಿಡಿಯೊ ಎಡಿಟ್ ಮಾಡುವವರಿಗೂ ಒಂದು ಲಾಭ ಇದೆ. ಹೊಸ ಕ್ಯಾಮೆರಾಗಳಲ್ಲಿ ಹಲವು, ಬಣ್ಣದ ವಿವರ ಜಾಸ್ತಿ ಉಳಿಸುವ 4:2:2 ವಿಧಾನದಲ್ಲಿ ಚಿತ್ರೀಕರಿಸುತ್ತವೆ. ಅದನ್ನು ಬಿಚ್ಚುವ ಮತ್ತು ಕಟ್ಟುವ ಕೆಲಸಕ್ಕೆ 50 ಸರಣಿಯ ಕಾರ್ಡ್‌ನಲ್ಲೇ ಪ್ರತ್ಯೇಕ ಭಾಗ ಇದೆ. ಟೈಮ್‌ಲೈನ್ ಸಿಕ್ಕಿಕೊಳ್ಳುವುದು ಇದರಿಂದ ಕಡಿಮೆಯಾಗುತ್ತದೆ. ಮದುವೆ ಸೀಸನ್‌ನಲ್ಲಿ ರಾತ್ರಿಯೆಲ್ಲ ಕೂರುವವರಿಗೆ ಇದು ದುಡಿಮೆಯ ಪ್ರಶ್ನೆ.

ಇಂಟೆಲ್‌ನ ಆರ್ಕ್ ಬಿ580 ಕೂಡ ಇದೆ. 12 ಜಿಬಿಯ ಈ ಕಾರ್ಡು 2024ರ ಡಿಸೆಂಬರ್‌ನಲ್ಲಿ 249 ಡಾಲರ್‌ಗೆ ಬಂತು. ಕಡಿಮೆ ಬಜೆಟ್‌ಗೆ ಒಳ್ಳೆಯದು, ಆದರೆ ಹಳೆಯ ಪ್ರೊಸೆಸರ್ ಜೊತೆ ಹಾಕಿದರೆ ಅದರ ವೇಗ ಕುಗ್ಗುತ್ತದೆ.

ಪ್ರೊಸೆಸರ್ ಮತ್ತು ರ‍್ಯಾಮ್: ಎಲ್ಲಿ ಉಳಿಸಬಹುದು?

ಆಟಕ್ಕೆ ಅಂತಲೇ ಹೆಸರಾದ ಪ್ರೊಸೆಸರ್ ಎಎಂಡಿಯ ರೈಜನ್ 7 9800ಎಕ್ಸ್3ಡಿ. 8 ಕೋರ್, 96 ಎಂಬಿ ಎಲ್3 ಕ್ಯಾಶ್. ಪದೇ ಪದೇ ಬೇಕಾಗುವ ಮಾಹಿತಿ ಆ ಕ್ಯಾಶ್‌ನಲ್ಲೇ ಸಿಗುವುದರಿಂದ ರ‍್ಯಾಮ್ ತನಕ ಹೋಗುವ ಅಗತ್ಯ ಕಡಿಮೆ. ಇದರಿಂದ ಈ ಕಾಲಕ್ಕೆ ತಕ್ಕ ಒಂದು ಅನುಕೂಲ ಸಿಗುತ್ತದೆ. ಈ ಪ್ರೊಸೆಸರ್‌ಗೆ ರ‍್ಯಾಮ್ ವೇಗ ಸ್ವಲ್ಪ ಕಡಿಮೆ ಇದ್ದರೂ ದೊಡ್ಡ ನಷ್ಟ ಇಲ್ಲ. ದುಬಾರಿ ಅತಿವೇಗದ ರ‍್ಯಾಮ್ ಬಿಟ್ಟು ಸಾಧಾರಣ ವೇಗದ 32 ಜಿಬಿ ಜೋಡಿ ತೆಗೆದುಕೊಂಡರೆ ಸಾಕು.

1440ಪಿ, 4ಕೆಯಲ್ಲಿ ಆಡುವವರಿಗೆ ಪ್ರೊಸೆಸರ್‌ಗಿಂತ ಮೊದಲು ಕಾರ್ಡೇ ಸುಸ್ತಾಗುತ್ತದೆ. ಹಾಗಾಗಿ ಬಜೆಟ್ ಬಿಗಿ ಇದ್ದರೆ ಎಎಂಡಿಯ ಎಎಂ5 ಸಾಕೆಟ್‌ನ (ಪ್ರೊಸೆಸರ್ ಕೂರಿಸುವ ಜಾಗ) 6 ಕೋರ್ ಪ್ರೊಸೆಸರ್ ಹಾಕಿಸಿ. ಈ ಸಾಕೆಟ್‌ಗೆ 2027 ಮತ್ತು ಅದರಾಚೆಗೂ ಬೆಂಬಲ ಇದೆ ಅಂತ ಎಎಂಡಿ ಹೇಳಿದೆ. ಪ್ರೊಸೆಸರ್ ಮುಂದೆ ಬದಲಿಸಬಹುದು.

ಮಲೆನಾಡಿನ ಕರೆಂಟು: ಯಾರೂ ಪಟ್ಟಿಯಲ್ಲಿ ಬರೆಯದ ಭಾಗ

ಹೆಚ್ಚಿನ ಪಿಸಿ ಸಲಹೆಗಳು ಕಾರ್ಡು, ಪ್ರೊಸೆಸರ್ ಮಾತಾಡಿ ಮುಗಿಸುತ್ತವೆ. ಅವು ಕರೆಂಟು ನೆಟ್ಟಗಿರುವ ಊರಿನವರು ಬರೆದದ್ದು. ನಮ್ಮ ಜಿಲ್ಲೆಯ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ಆದರೂ ಹೊಸನಗರ, ತೀರ್ಥಹಳ್ಳಿ ಕಡೆಯ ಹಳ್ಳಿಗಳಲ್ಲಿ ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಮಾಡುತ್ತದೆ. ಕಾರಣ ಸರಳ. ಉತ್ಪಾದನೆಯಾದ ವಿದ್ಯುತ್ ದೊಡ್ಡ ಲೈನ್‌ನಲ್ಲಿ ಗ್ರಿಡ್‌ಗೆ ಹೋಗುತ್ತದೆ. ಮನೆಗೆ ಬರುವುದು 11 ಕೆವಿ ಲೈನ್ ಮೂಲಕ, ಕಾಡು ತೋಟಗಳ ನಡುವೆ ಹಾದು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಜಾಸ್ತಿ ಮಳೆ. ಗಾಳಿಗೆ ಕೊಂಬೆ ಬಿದ್ದರೆ ಲೈನ್ ಟ್ರಿಪ್. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಡಿಲಿನ ಕಾಟ ಬೇರೆ.

ಇದು ಕಾರ್ಡ್ ಆಯ್ಕೆಯನ್ನೇ ಬದಲಿಸಬೇಕು. ಹೇಗೆ ಅಂತ ನೋಡಿ.

5090 ಕಾರ್ಡ್ 575 ವ್ಯಾಟ್ ತನಕ ಎಳೆಯುತ್ತದೆ. 5080ಕ್ಕೆ 360, 5070 ಟಿಐಗೆ 300, 5070ಕ್ಕೆ 250, 5060 ಟಿಐಗೆ 180. ಎನ್ವಿಡಿಯಾದ ಹೊಸ ದೊಡ್ಡ ಕಾರ್ಡ್‌ಗಳಿಗೆ ಕರೆಂಟು ಹೋಗುವುದು 12ವಿ-2ಎಕ್ಸ್6 ಅನ್ನುವ ಸಣ್ಣ ಕನೆಕ್ಟರ್‌ನಲ್ಲಿ. ಅದರ ಮಿತಿ 600 ವ್ಯಾಟ್, ಅಂದರೆ 12 ವೋಲ್ಟ್‌ನಲ್ಲಿ 50 ಆಂಪಿಯರ್. 2022ರಲ್ಲಿ 4090 ಕಾರ್ಡ್‌ಗಳಲ್ಲಿ ಇದರ ಹಿಂದಿನ ರೂಪದ ಕನೆಕ್ಟರ್ ಕರಗಿದ ಪ್ರಕರಣಗಳು ಜಗತ್ತಿನಾದ್ಯಂತ ಸುದ್ದಿಯಾದವು. ಸರಿಯಾಗಿ ಕೂರದ ಪಿನ್‌ನಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಕರೆಂಟು ಅರ್ಧವಾದರೆ ಶಾಖ ಕಾಲು ಭಾಗ. 300 ವ್ಯಾಟ್‌ನ ಕಾರ್ಡು 600 ವ್ಯಾಟ್ ಹತ್ತಿರದ ಕಾರ್ಡ್‌ಗಿಂತ ಎಷ್ಟು ನಿರಾಳ ಅನ್ನುವುದು ಇದರಲ್ಲೇ ಗೊತ್ತಾಗುತ್ತದೆ. 9070 ಎಕ್ಸ್‌ಟಿಯ ಬಹಳಷ್ಟು ಮಾದರಿಗಳು ಹಳೆಯ 8 ಪಿನ್ ಕನೆಕ್ಟರ್‌ಗಳನ್ನೇ ಬಳಸುತ್ತವೆ, ಅದೂ ಒಂದು ಸಮಾಧಾನ.

ಈಗ ಯುಪಿಎಸ್ ಮಾತು. 5070 ಟಿಐ ಇರುವ ಪಿಸಿ ಆಟದ ಹೊತ್ತಿನಲ್ಲಿ ಸುಮಾರು 450ರಿಂದ 500 ವ್ಯಾಟ್ ಎಳೆಯುತ್ತದೆ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ 600 ವಿಎ ಯುಪಿಎಸ್ ಕೊಡುವುದು ಸುಮಾರು 360 ವ್ಯಾಟ್ ಮಾತ್ರ. ವಿಎ ಮತ್ತು ವ್ಯಾಟ್ ಒಂದೇ ಅಲ್ಲ. ಕರೆಂಟು ಹೋದ ಕ್ಷಣಕ್ಕೇ ಅಂಥ ಯುಪಿಎಸ್ ಓವರ್‌ಲೋಡ್ ಆಗಿ ಪಿಸಿ ಆಫ್ ಆಗುತ್ತದೆ. ಇದ್ದೂ ಇಲ್ಲದ ಹಾಗೆ. 5070 ಟಿಐಗೆ 1,000 ವಿಎಗಿಂತ ಮೇಲಿನದ್ದು ಬೇಕು. 5090ಕ್ಕಾದರೆ ಯುಪಿಎಸ್ ಬೆಲೆಯೇ ಇನ್ನೊಂದು ಕಾರ್ಡಿನಷ್ಟು ಆಗಬಹುದು.

ಮನೆಯಲ್ಲಿ ಇನ್ವರ್ಟರ್ ಇದೆಯಲ್ಲ ಅನ್ನುವವರು ಎರಡು ವಿಷಯ ನೋಡಬೇಕು. ಒಂದು, ಅದು ಶುದ್ಧ ಸೈನ್ ವೇವ್ (ಮನೆ ಕರೆಂಟಿನಂತೆ ನುಣುಪಾದ ಅಲೆ) ಕೊಡುತ್ತದೆಯೇ? ಪಿಸಿಯ ಭಾಗಗಳಿಗೆ ಕರೆಂಟು ಹಂಚುವ ಪೆಟ್ಟಿಗೆಯೇ ಪಿಎಸ್‌ಯು. ಒಳ್ಳೆಯ ಪಿಎಸ್‌ಯುಗಳಲ್ಲಿ ಆಕ್ಟಿವ್ ಪಿಎಫ್‌ಸಿ ಅನ್ನುವ ವ್ಯವಸ್ಥೆ ಇರುತ್ತದೆ. ಅದು ಸೈನ್ ವೇವ್ ನಿರೀಕ್ಷಿಸುತ್ತದೆ. ಚೌಕ ಅಲೆಯ ಅಗ್ಗದ ಇನ್ವರ್ಟರ್ ಮೇಲೆ ಗುಂಯ್ ಅನ್ನಬಹುದು, ದಿಢೀರ್ ಆಫ್ ಆಗಬಹುದು. ಎರಡು, ಬದಲಾಗುವ ಸಮಯ. ಪಿಎಸ್‌ಯುಗಳ ಎಟಿಎಕ್ಸ್ 3.1 ಮಾನದಂಡದ ಪ್ರಕಾರ ಪೂರ್ಣ ಲೋಡಿನಲ್ಲಿ ಪಿಎಸ್‌ಯು ಕರೆಂಟಿಲ್ಲದೆ 12 ಮಿಲಿಸೆಕೆಂಡ್, ಶೇ 80 ಲೋಡಿನಲ್ಲಿ 17 ಮಿಲಿಸೆಕೆಂಡ್ ತಾಳಬೇಕು. ಇನ್ವರ್ಟರ್ ಅಷ್ಟರೊಳಗೆ ಬದಲಾಗದಿದ್ದರೆ ಪಿಸಿ ರೀಸ್ಟಾರ್ಟ್. ಹೆಚ್ಚಿನ ಇನ್ವರ್ಟರ್‌ಗಳಲ್ಲಿ 'ಯುಪಿಎಸ್ ಮೋಡ್' ಸ್ವಿಚ್ ಇರುವುದು ಇದಕ್ಕಾಗಿಯೇ. ಇನ್ನು 150 ಆಂಪಿಯರ್ ಅವರ್‌ನ 12 ವೋಲ್ಟ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1,800 ವ್ಯಾಟ್ ಅವರ್ ಇರುತ್ತದೆ. 500 ವ್ಯಾಟ್ ಪಿಸಿಗೆ ಮೂರೂವರೆ ಗಂಟೆ ಅಂತ ಲೆಕ್ಕ ಬಂದರೂ ನಿಜದಲ್ಲಿ ಬಹಳ ಕಡಿಮೆ ಬರುತ್ತದೆ, ಬ್ಯಾಟರಿಯ ಆಯುಸ್ಸೂ ಸವೆಯುತ್ತದೆ. ಆಟ ಸೇವ್ ಮಾಡಿ, ಪಿಸಿ ಸರಿಯಾಗಿ ಆಫ್ ಮಾಡಲು ಸಿಗುವ ಹತ್ತು ನಿಮಿಷಕ್ಕೆ ಯೋಜನೆ ಮಾಡಿದರೆ ಸಾಕು.

ಕಡಿಮೆ ವೋಲ್ಟೇಜ್ ಬಗ್ಗೆ ಇರುವ ಭಯ ಮಾತ್ರ ಸ್ವಲ್ಪ ಅತಿ. ಒಳ್ಳೆಯ ಪಿಎಸ್‌ಯು 100ರಿಂದ 240 ವೋಲ್ಟ್‌ವರೆಗೆ ಯಾವುದರಲ್ಲೂ ಓಡುತ್ತದೆ. ಸಂಜೆ ಹೊತ್ತು ವೋಲ್ಟೇಜ್ 170ಕ್ಕೆ ಇಳಿದರೆ ಅದಕ್ಕೇನೂ ಆಗುವುದಿಲ್ಲ. ಕೆಲವು ಅಗ್ಗದ ಪಿಎಸ್‌ಯುಗಳ ಮೇಲೆ 200ರಿಂದ 240 ಅಂತ ಮಾತ್ರ ಬರೆದಿರುತ್ತದೆ, ಅಂಥವು ಹಳ್ಳಿ ಮನೆಗೆ ಬೇಡ. ಲೇಬಲ್ ಓದಿ ಕೊಳ್ಳಿ. ಬೇರೆ ಸ್ಟೆಬಿಲೈಜರ್ ಅಗತ್ಯ ಸಾಮಾನ್ಯವಾಗಿ ಇಲ್ಲ.

ನಿಜವಾಗಿ ಭಯಪಡಬೇಕಾದದ್ದು ಸಿಡಿಲಿಗೆ ಮತ್ತು ಅರ್ತಿಂಗ್ ಇಲ್ಲದಿರುವುದಕ್ಕೆ. ಸರ್ಜ್ ಪ್ರೊಟೆಕ್ಟರ್ ಹೆಚ್ಚುವರಿ ವೋಲ್ಟೇಜನ್ನು ನೆಲಕ್ಕೆ ಹರಿಸಬೇಕು. ನೆಲಕ್ಕೆ ದಾರಿಯೇ ಇಲ್ಲದಿದ್ದರೆ ಅದು ಎಲ್ಲಿಗೆ ಹರಿಸೀತು? ಜಂಬಿಟ್ಟಿಗೆ ಮಣ್ಣಿನ ನೆಲ ಬೇಸಿಗೆಯಲ್ಲಿ ಒಣಗಿ ಗಟ್ಟಿಯಾಗುತ್ತದೆ. ಆಗ ಅರ್ತಿಂಗ್ ಗುಂಡಿಯ ಪ್ರತಿರೋಧ ಏರುತ್ತದೆ. ಸರಿಯಾಗಿ ಅದೇ ಹೊತ್ತಿಗೆ ಮೊದಲ ಗುಡುಗು ಮಳೆ ಬರುತ್ತದೆ. ಪಿಸಿಯ ಕಬ್ಬಿಣದ ಕೇಸ್ ಮುಟ್ಟಿದರೆ ಜುಮ್ ಅನ್ನುತ್ತಿದ್ದರೆ ಅರ್ತಿಂಗ್ ಸರಿ ಇಲ್ಲ ಅಂತಲೇ ತಿಳಿಯಿರಿ. ಎಲೆಕ್ಟ್ರಿಷಿಯನ್ ಕರೆಸಿ ಅಳೆಸುವ ಖರ್ಚು ಕಾರ್ಡಿನ ಬೆಲೆಯ ಮುಂದೆ ಏನೂ ಅಲ್ಲ. ಸಿಡಿಲು ಶುರುವಾಗುವ ಮೊದಲೇ ಪ್ಲಗ್ ಕಿತ್ತಿಡುವ ಅಮ್ಮನ ಪದ್ಧತಿಗೆ ಸಮನಾದ ರಕ್ಷಣೆ ಇಂದಿಗೂ ಇಲ್ಲ. ತಾಮ್ರದ ಇಂಟರ್ನೆಟ್ ಕೇಬಲ್ ಹೊರಗಿನಿಂದ ಬಂದಿದ್ದರೆ ಅದನ್ನೂ ಕೀಳಬೇಕು.

ಈ ಎಲ್ಲದರ ಬೆಲೆ ಎಲ್ಲಿಂದ ಬರಬೇಕು? ಎನ್ವಿಡಿಯಾ ಭಾರತಕ್ಕೆ ಘೋಷಿಸಿದ ಆರಂಭಿಕ ದರದಲ್ಲಿ 5070 ಟಿಐ 80,000 ರೂ., 5080 1,07,000 ರೂ. ಎರಡರಲ್ಲೂ ಮೆಮೊರಿ 16 ಜಿಬಿಯೇ. ಬೆಲೆ ಮೂರನೇ ಒಂದು ಭಾಗ ಜಾಸ್ತಿ, ವೇಗ ಅಷ್ಟು ಜಾಸ್ತಿ ಇಲ್ಲ. ಪೇಟೆ ದರ ಬದಲಾಗುತ್ತಿರುತ್ತದೆ, ಕೊಳ್ಳುವಾಗ ಈ ಅಂತರ ನೋಡಿ. ಆ ದುಡ್ಡು ಒಳ್ಳೆಯ ಪಿಎಸ್‌ಯು, ಸೈನ್ ವೇವ್ ಯುಪಿಎಸ್, ಅರ್ತಿಂಗ್‌ಗೆ ಹೋಗಲಿ. ಮಲೆನಾಡಿನಲ್ಲಿ ಐದು ವರ್ಷ ಬಾಳುವ 5070 ಟಿಐ, ಎರಡನೇ ಮಳೆಗಾಲಕ್ಕೆ ಸುಟ್ಟ 5080ಗಿಂತ ಮೇಲು. ಬೆಲೆ ಏರುತ್ತಿರುವ ಕಾಲದಲ್ಲಿ ಇದು ಇನ್ನೂ ನಿಜ. ಸುಟ್ಟದ್ದನ್ನು ಬದಲಿಸಲು ಹೋದಾಗ ಹಳೆಯ ಬೆಲೆಗೆ ಸಿಗುವುದಿಲ್ಲ.

ತೇವ ಮತ್ತು ಸೆಖೆ

ಮಳೆಗಾಲದ ತೇವಕ್ಕೆ ಪಿಸಿ ದಿನಾ ಸ್ವಲ್ಪ ಹೊತ್ತು ಓಡುವುದೇ ಒಳ್ಳೆಯ ಮದ್ದು. ಒಳಗಿನ ಭಾಗಗಳು ಬೆಚ್ಚಗಿದ್ದರೆ ನೀರು ಕೂರುವುದಿಲ್ಲ. ವಾರಗಟ್ಟಲೆ ಮುಚ್ಚಿಟ್ಟರೆ ಕನೆಕ್ಟರ್‌ಗಳಿಗೆ ತುಕ್ಕು, ಬೂಷ್ಟು. ತುಕ್ಕಿಗೆ ವಾರಂಟಿ ಸಾಮಾನ್ಯವಾಗಿ ಸಿಗುವುದಿಲ್ಲ. ಬೇಸಿಗೆಯಲ್ಲಿ ಶಿವಮೊಗ್ಗ ನಗರದ ಬಿಸಿಲು 36, 37 ಡಿಗ್ರಿ ಮುಟ್ಟುತ್ತದೆ. ಗಾಜಿನಿಂದ ಮುಚ್ಚಿದ ಚೆಂದದ ಕೇಸ್‌ಗಿಂತ ಮುಂದೆ ಜಾಲರಿ ಇರುವ ಕೇಸ್ ಒಳ್ಳೆಯದು. 9800ಎಕ್ಸ್3ಡಿಗೆ ದೊಡ್ಡ ಏರ್ ಕೂಲರ್ ಸಾಕು. ಲಿಕ್ವಿಡ್ ಕೂಲರ್‌ನ ಪಂಪ್ ಕೈಕೊಟ್ಟರೆ ಬದಲಿ ಬರುವವರೆಗೆ ಪಿಸಿ ಮೂಲೆಗೆ ಬೀಳುತ್ತದೆ.

ಎಲ್ಲಿ ಕೊಳ್ಳುವುದು?

ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ನಾಲ್ಕೈದು ಅಂಗಡಿ ಸುತ್ತಿದರೆ ದರ ಚೌಕಾಸಿ ಮಾಡಬಹುದು. ಆನ್‌ಲೈನ್‌ನಲ್ಲಿ ಆಯ್ಕೆ ಜಾಸ್ತಿ. ಶಿವಮೊಗ್ಗದ ಅಂಗಡಿಯಲ್ಲಿ ಒಂದೆರಡು ಸಾವಿರ ಜಾಸ್ತಿ ಆಗಬಹುದು. ಆದರೆ ಕಾರ್ಡ್ ಕೆಟ್ಟಾಗ ಅದನ್ನು ಸರ್ವಿಸ್ ಸೆಂಟರ್‌ಗೆ ಕಳಿಸಿ ತರಿಸುವ ಓಡಾಟ ಅಂಗಡಿಯವರು ನೋಡಿಕೊಳ್ಳುತ್ತಾರೆಯೇ ಅಂತ ಮೊದಲೇ ಕೇಳಿ. ನೋಡಿಕೊಳ್ಳುವುದಾದರೆ ಆ ಒಂದೆರಡು ಸಾವಿರಕ್ಕೆ ಬೆಲೆ ಇದೆ. ಸುಮಾರು 300 ಕಿ.ಮೀ. ದೂರಕ್ಕೆ ಭಾರದ ಕಾರ್ಡನ್ನು ಪಿಸಿಯಲ್ಲಿ ಜೋಡಿಸಿಯೇ ಬಸ್ಸಿನಲ್ಲಿ ಸಾಗಿಸಿದರೆ ಸ್ಲಾಟ್ ಮುರಿಯುವ ಅಪಾಯವೂ ಇದೆ. ಕಾರ್ಡ್ ಬಿಚ್ಚಿ ಅದರ ಡಬ್ಬದಲ್ಲೇ ತನ್ನಿ.

ಬೆಲೆ ಏರಿದಾಗ ವಾರಂಟಿ ಇಲ್ಲದ ಹೊರದೇಶದ ಮಾಲು, ಹಳೆಯ ಕಾರ್ಡ್‌ಗಳು ಪೇಟೆಗೆ ಜಾಸ್ತಿ ಬರುತ್ತವೆ. ಭಾರತದಲ್ಲಿ ಹೊಸ ಕಾರ್ಡ್‌ಗಳಿಗೆ ಸಾಮಾನ್ಯವಾಗಿ 3 ವರ್ಷ ವಾರಂಟಿ ಇರುತ್ತದೆ. ಬೇರೆ ದೇಶಕ್ಕೆ ಅಂತ ಬಂದ ಕಾರ್ಡಿಗೆ ಇಲ್ಲಿ ಅದು ಸಿಗದಿರಬಹುದು. ಡಬ್ಬದ ಮೇಲೆ ಭಾರತದ ಆಮದುದಾರರ ಹೆಸರು ಮತ್ತು ಎಂಆರ್‌ಪಿ ಚೀಟಿ ಇದೆಯೇ ನೋಡಿ. ಜಿಎಸ್‌ಟಿ ಬಿಲ್‌ನಲ್ಲಿ ಸೀರಿಯಲ್ ನಂಬರ್ ಬರೆಸಿ, ಕಾರ್ಡಿನ ಮೇಲಿರುವ ನಂಬರ್ ಜೊತೆ ಅಂಗಡಿಯಲ್ಲೇ ಹೋಲಿಸಿ. ಬಿಲ್ ಬೇಡ ಅಂದರೆ ಇಷ್ಟು ಕಡಿಮೆ ಮಾಡುತ್ತೇನೆ ಅನ್ನುವ ಮಾತಿಗೆ ಒಪ್ಪಬೇಡಿ. ಹಳೆಯ ಕಾರ್ಡ್ ಕೊಳ್ಳುವುದೇ ಆದರೆ ಮಾರುವವರ ಪಿಸಿಯಲ್ಲೇ ಅರ್ಧ ಗಂಟೆ ಆಟ ಓಡಿಸಿ ನೋಡಿ, ಮೂಲ ಬಿಲ್ ಕೇಳಿ ಪಡೆಯಿರಿ, ಕನೆಕ್ಟರ್‌ನಲ್ಲಿ ಕಂದು ಕಲೆ ಇದೆಯೇ ಅಂತ ಬೆಳಕಿಗೆ ಹಿಡಿದು ನೋಡಿ. ಕಲೆ ಇದ್ದರೆ ಎಷ್ಟೇ ಕಡಿಮೆ ಬೆಲೆಗೂ ಅದು ಬೇಡ.